ರುಮಾಲಿನಲ್ಲಿ ಎರಡು ಲಿಂಗ

ಭೀಮನಬೀಡಿನ ಚಿಕ್ಕಬಸವಯ್ಯ ಮಾತಿನವನಲ್ಲ, ಆಚಾರದವನು. ಬೆಳಗ್ಗೆ ಎದ್ದು ಬಾವಿಯಲ್ಲಿ ಮಿಂದು, ಹಣೆಗೆ ವಿಭೂತಿ ಬಳಿದು, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ಅಂಗೈಗೆ ಇಳಿಸಿಕೊಂಡು ಪೂಜೆ ಮುಗಿಸುವವರೆಗೆ ಅವನ ಗಂಟಲಲ್ಲಿ ಒಂದು ಗುಟುಕು ನೀರು ಇಳಿಯುತ್ತಿರಲಿಲ್ಲ. ಅದೇನು ದೊಡ್ಡ ಮಾತಲ್ಲ, ಆ ಊರಿನ ಲಿಂಗವಂತರ ಬೀದಿಯಲ್ಲಿ ಎಲ್ಲರೂ ಹಾಗೇ ಇದ್ದರು. ಆದರೆ ಇವನದು ಒಂದು ಕೈ ಮೇಲು. ಸಂತೆಯಿಂದ ಬಂದರೆ ಸ್ನಾನ, ಬಸ್ಸಿನಿಂದ ಇಳಿದರೆ ಸ್ನಾನ. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕಾಫಿ ತರಿಸಿಕೊಂಡು, ಲೋಟವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕೊನೆಗೆ ಕುಡಿಯದೆ ದುಡ್ಡು ಕೊಟ್ಟು ಎದ್ದು ಬರುತ್ತಿದ್ದ. ಮೂವತ್ತು ದಾಟದ ಗಂಡಸು ಹೀಗೆ ಆಡಿದರೆ ಊರಿನವರು ಬಿಟ್ಟಾರೆಯೇ? 'ಪಟ್ಟ ಕಟ್ಟದ ಸ್ವಾಮಿ' ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿ ಅವನು ಮುಖ ಸಿಂಡರಿಸಿದರೂ ಒಳಗೊಳಗೆ ಅದು ಅವನಿಗೆ ಹಿತವಾಗಿಯೇ ಇತ್ತು.

ಅವನಿಗೆ ಊರ ಪಕ್ಕದಲ್ಲಿ ಒಂದಿಷ್ಟು ಎಲೆತೋಟವಿತ್ತು. ವೀಳ್ಯದೆಲೆಯ ಬಳ್ಳಿ ಮೈಲಿಗೆ ತಡೆಯುವುದಿಲ್ಲವೆಂದು ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಅಂಥ ಕಸುಬು ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಬಳ್ಳಿ ಕಟ್ಟುತ್ತಾ, ನೀರು ಹಾಯಿಸುತ್ತಾ, ಯಾರ ಗೊಡವೆಗೂ ಹೋಗದೆ ದಿನ ಕಳೆಯುತ್ತಿದ್ದ.

ಇಂಥವನಿಗೆ ಗೆಳೆಯನಾಗಿ ಸಿಕ್ಕವನು ಮರಿಮಲ್ಲಪ್ಪ. ಅದೇ ಬೀದಿಯವನು, ಅದೇ ವಯಸ್ಸಿನವನು. ಇಬ್ಬರಿಗೂ ಒಂದೇ ದಿನ ಒಬ್ಬರೇ ಅಯ್ಯನವರು ಲಿಂಗ ಕಟ್ಟಿದ್ದರು. ಅಷ್ಟು ಬಿಟ್ಟರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಜೋಡಿ. ಮರಿಮಲ್ಲಪ್ಪ ಗುಂಡ್ಲುಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ. ರುಮಾಲು ಬಿಟ್ಟು ಕ್ರಾಪು ಬಿಡಿಸಿದ್ದ. ನಗುವುದು, ನಗಿಸುವುದು, ಸಿಕ್ಕ ಲಾರಿ ಹತ್ತಿ ಹೋಗಿಬಿಡುವುದು ಅವನ ಸ್ವಭಾವ. ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ತಾಯಿ ಶಿವರುದ್ರಮ್ಮ ಒಬ್ಬಳೇ ಹೊಲಗೆಯ್ದು ಅವನನ್ನು ಸಾಕಿದ್ದಳು. ಬಸವಯ್ಯನೂ ಚಿಕ್ಕಂದಿನಲ್ಲಿ ಉಂಡದ್ದು ಹೆಚ್ಚಾಗಿ ಆ ಮನೆಯಲ್ಲೇ. ಅವಳನ್ನು ಅವನೂ ಅವ್ವ ಎಂದೇ ಕರೆಯುತ್ತಿದ್ದ.

ಐವತ್ತಮೂರನೆಯ ಇಸವಿ, ಮುಂಗಾರು ಇನ್ನೇನು ಕಾಲಿಡಬೇಕು. ಇವರಿಬ್ಬರ ಇನ್ನೊಬ್ಬ ಗೆಳೆಯ, ಲಿಂಗ ಕಟ್ಟದ ಬೇರೆ ಬೀದಿಯ ಲಾರಿ ಡ್ರೈವರ್ ಮಾದೇವ, ಹುರುಳಿ ಮೂಟೆ ಹೇರಿಕೊಂಡು ಕಲ್ಲಿಕೋಟೆಗೆ ಹೊರಟಿದ್ದ. ಮರಿಮಲ್ಲಪ್ಪ ಸುದ್ದಿ ಕೇಳಿದವನೇ ಎಲೆತೋಟಕ್ಕೆ ಬಂದ.

"ಲೇ ಬಸವ, ನಂಜನಗೂಡು ಬುಟ್ರೆ ಗೋಪಾಲಸ್ವಾಮಿ ಬೆಟ್ಟ, ಬೆಟ್ಟ ಬುಟ್ರೆ ನಂಜನಗೂಡು. ಬಾವಿ ಕಪ್ಪೆಗೂ ನಿಂಗೂ ಏನ್ಲಾ ವ್ಯತ್ಯಾಸ? ನಡಿ, ಸಮುದ್ರ ನೋಡ್ಕಂಡು ಬರನ."

"ಆ ಊರಲ್ಲೆಲ್ಲ ಮೀನು ಕಣ್ಲಾ. ನಾ ಒಲ್ಲೆ."

ಅವನು ಅಷ್ಟಕ್ಕೇ ನಿಲ್ಲುತ್ತಿದ್ದ. ಆದರೆ ಸಂಜೆ ಶಿವರುದ್ರಮ್ಮ ತಾನೇ ಬಂದು ಬಾಗಿಲಲ್ಲಿ ನಿಂತಳು. "ಜೊತೇಲಿ ಓಗು ಬಸವ. ಹೊಸದು ಕಂಡ್ರೆ ಇವ ಮೈಮರೀತಾನೆ. ನೀನಿದ್ರೆ ನಂಗೊಂದು ಧೈರ್ಯ" ಎಂದಳು. ಆ ಮಾತಿಗೆ ಅವನು ಇಲ್ಲವೆನ್ನಲಾರದೆ ಹೋದ. ಬುತ್ತಿ ಕಟ್ಟಿಸಿಕೊಂಡು, ವಿಭೂತಿ ಗಟ್ಟಿ ಇಟ್ಟುಕೊಂಡು ಲಾರಿ ಹತ್ತಿದ.

ಬಂಡೀಪುರದ ಕಾಡು, ಆಮೇಲೆ ವೈನಾಡು, ಆಮೇಲೆ ಹೊಟ್ಟೆ ತೊಳೆಸುವ ಘಾಟಿ. ಇಳಿಯುತ್ತಾ ಇಳಿಯುತ್ತಾ ಗಾಳಿ ಬೆಚ್ಚಗಾಗಿ ಮೈಗೆ ಅಂಟತೊಡಗಿತು. ಕಲ್ಲಿಕೋಟೆಯ ಮಂಡಿಯಲ್ಲಿ ಮೂಟೆ ಇಳಿಸಿ ಮೂವರೂ ಸಮುದ್ರದ ದಂಡೆಗೆ ಹೋದರು. ಮರಿಮಲ್ಲಪ್ಪ ಪಂಚೆ ಎತ್ತಿ ಕಟ್ಟಿ ಕೂಗುತ್ತಾ ಅಲೆಗೆ ಎದುರಾಗಿ ಓಡಿದ. ಬಸವಯ್ಯ ಮಾತ್ರ ಮರಳಿನ ಮೇಲೆ ನಿಂತೇ ಇದ್ದ. ಅಷ್ಟು ನೀರನ್ನು ಕಂಡು ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಮೋಡ ಕೆಳಗಿಳಿದಿತ್ತು. ಗಾಳಿ ಒಂದೇ ಸಮನೆ ತಳ್ಳುತ್ತಿತ್ತು. ಬೆಸ್ತರು ದೋಣಿಗಳನ್ನು ದಡಕ್ಕೆ ಎಳೆದು ಮಗುಚಿ ಹಾಕುತ್ತಿದ್ದರು.

ಒಂದು ಹಾಯಿದೋಣಿ ಮಾತ್ರ ಇನ್ನೂ ನೀರಿನಲ್ಲಿತ್ತು. ಅದರ ಒಡೆಯ, ಒಬ್ಬ ಮುದುಕ, ಮಳೆಗಾಲ ಕಳೆಯುವವರೆಗೆ ಅದನ್ನು ಬೇಪೂರಿನ ಹೊಳೆಯೊಳಗೆ ಕಟ್ಟಿಡಲು ಮಗನ ಜೊತೆ ಹೊರಟಿದ್ದ. ಮರಿಮಲ್ಲಪ್ಪನಿಗೆ ಅಷ್ಟೇ ಸಾಕಾಯಿತು. ಮಾದೇವನಿಗೆ ತಕ್ಕಮಟ್ಟಿಗೆ ಮಲಯಾಳ ಬರುತ್ತಿತ್ತು, ತಮ್ಮನ್ನೂ ಹತ್ತಿಸಿಕೊಳ್ಳುವಂತೆ ಅವನ ಕೈಲಿ ಕೇಳಿಸಿದ.

"ಗಾಳಿ ಜಾಸ್ತಿ ಆಯ್ತದಂತೆ ಕಣಣ್ಣ, ಬ್ಯಾಡ ಅಂತಾವ್ನೆ" ಎಂದ ಮಾದೇವ.

"ಅವ್ರು ಓಯ್ತಾ ಇಲ್ವಾ? ದಡದ ಪಕ್ಕದಲ್ಲೇ ತಾನೇ? ಇನ್ನೊಂದ್ಸಲ ಕೇಳ್ಲಾ."

ಮುದುಕ ಮೂವರ ಮುಖವನ್ನೂ ನೋಡಿ, ಆಕಾಶ ನೋಡಿ, ಅರೆಮನಸ್ಸಿನಿಂದ ತಲೆಯಾಡಿಸಿದ. ಮಾದೇವನೂ ಮರಿಮಲ್ಲಪ್ಪನೂ ಹತ್ತಿಯೇಬಿಟ್ಟರು. ಬಸವಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಯೊಳಗೆ ಇಣುಕಿದ. ತಳದಲ್ಲಿ ಕಪ್ಪಗಿನ ನೀರು ನಿಂತಿತ್ತು, ಅದರ ತುಂಬ ಮೀನಿನ ಪೊರೆ. ನಾತಕ್ಕೆ ಅವನು ತಲೆಯ ರುಮಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡ.

"ಇದ್ರೊಳಗೆ ಲಿಂಗ ಇಟ್ಕಂಡು ಹೆಂಗ್ಲಾ ಕೂರದು? ಆ ನೀರು ಎದೆಗಂಟ ಎರಚ್ತದೆ."

"ಹಂಗಾದ್ರೆ ನೀ ದಡದಲ್ಲೇ ಕುಂತಿರು. ನಾವು ಬತ್ತೀವಿ."

ಅವ್ವನಿಗೆ ಒಪ್ಪಿಕೊಂಡು ಬಂದವನು ದಡದಲ್ಲಿ ಕೂರುವುದು ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಸವಯ್ಯ ಒಂದು ಉಪಾಯ ಹುಡುಕಿದ. ಲಿಂಗವನ್ನು ತಲೆಯ ಮೇಲೆ ಧರಿಸಬಹುದೆಂದು ಅಯ್ಯನವರು ಹೇಳಿದ್ದು ಅವನಿಗೆ ನೆನಪಿತ್ತು. ರುಮಾಲು ಬಿಚ್ಚಿ, ಕೊರಳಿನ ಕರಡಿಗೆ ತೆಗೆದು, ಬಟ್ಟೆಯ ಮಡಿಕೆಯಲ್ಲಿಟ್ಟ. ಮರಿಮಲ್ಲಪ್ಪನ ಕ್ರಾಪು ತಲೆಗೆ ರುಮಾಲೆಲ್ಲಿ ಬರಬೇಕು? "ನಿಂದೂ ಕೊಡಿಲ್ಲಿ" ಎಂದ.

"ಲಿಂಗ ಮೈ ಬುಟ್ರೆ ಜೀವ ಬುಟ್ಟಂಗೆ ಅಂತಾಳಲ್ಲೋ ಅವ್ವ" ಎಂದು ಮರಿಮಲ್ಲಪ್ಪ ನಕ್ಕ.

"ಒಂದ್ಗಳಿಗೆ ತಾನೇ? ನನ್ ತಲೆ ಮ್ಯಾಲಿದ್ರೆ ನಿನ್ ಮೈಮ್ಯಾಲಿದ್ದಂಗೇಯ. ಮೀನ್ ನೀರು ತಾಗ್ಸಬ್ಯಾಡ, ಕೊಡು."

ಮರಿಮಲ್ಲಪ್ಪ ನಗುತ್ತಲೇ ಬಿಚ್ಚಿ ಕೊಟ್ಟ. ಒಬ್ಬರ ಲಿಂಗ ಇನ್ನೊಬ್ಬರ ಮೈಗೆ ಹೋಗಬಾರದೆಂಬುದು ಎಂಟು ವರ್ಷದ ಹುಡುಗನಿಗೂ ಗೊತ್ತಿರುವ ಮಾತು. ಊರಿಗೆಲ್ಲ ಆಚಾರ ಹೇಳುತ್ತಿದ್ದ ಮನುಷ್ಯನಿಗೆ ಅದು ಹೊಳೆಯಲೇ ಇಲ್ಲ. ಮೈಲಿಗೆಯ ಭಯ ಹೀಗೆ ಕಣ್ಣು ಕಟ್ಟುತ್ತದೆ. ಎರಡು ಕರಡಿಗೆಗಳನ್ನೂ ಒಳಗಿಟ್ಟು ರುಮಾಲನ್ನು ಬಿಗಿಯಾಗಿ ಸುತ್ತಿಕೊಂಡು ಅವನು ದೋಣಿ ಹತ್ತಿದ.

ಮೊದಮೊದಲು ಚೆನ್ನಾಗಿಯೇ ಇತ್ತೆನ್ನಬೇಕು. ಹಾಯಿ ಗಾಳಿ ತುಂಬಿಕೊಂಡಿತು, ದೋಣಿ ಒಂದು ಕಡೆಗೆ ವಾಲಿ ಓಡಿತು. ಮರಿಮಲ್ಲಪ್ಪ ಹಾಯಿಮರ ಹಿಡಿದು ನಿಂತು, ಜಾತ್ರೆಯಲ್ಲಿ ತೊಟ್ಟಿಲು ಹತ್ತಿದ ಹುಡುಗನ ಹಾಗೆ ಕೇಕೆ ಹಾಕಿದ. ಬಸವಯ್ಯ ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದು ಕೈಯಲ್ಲಿ ರುಮಾಲು ಹಿಡಿದು ಕಣ್ಣು ಮುಚ್ಚಿ ಕೂತಿದ್ದ. ಅಲೆ ಅವನ ಎದೆಯವರೆಗೆ ಎರಚಿತು. ತಾನು ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡ.

ದಡ ಸಣ್ಣದಾದ ಮೇಲೆ ಗಾಳಿ ತಿರುಗಿತು. ನೋಡುತ್ತಿದ್ದಂತೆ ಸಮುದ್ರ ಕಪ್ಪಾಯಿತು. ಮಳೆ ಅಡ್ಡಡ್ಡ ಬಂದು ಮುಖಕ್ಕೆ ಚುಚ್ಚಿತು. ಮುದುಕ ಏನೋ ಕೂಗಿ ಹೇಳಿದ, ಮಾದೇವ ಡಬ್ಬ ಹಿಡಿದು ನೀರು ಮೊಗೆದು ಚೆಲ್ಲತೊಡಗಿದ. ಮುದುಕನೂ ಮಗನೂ ಹಾಯಿ ಇಳಿಸಲು ಹಗ್ಗ ಬಿಚ್ಚುತ್ತಿದ್ದಾಗ ಹಾಯಿಯ ಅಡ್ಡಮರ ಗಾಳಿಗೆ ಸಿಕ್ಕಿ ರಪ್ಪನೆ ತಿರುಗಿತು. ಅದು ಮರಿಮಲ್ಲಪ್ಪನ ಹೆಗಲಿಗೆ ಬಡಿಯಿತು. ಅವನು ಅಯ್ಯೋ ಎನ್ನಲೂ ಇಲ್ಲ, ನೀರಿಗೆ ಬಿದ್ದ.

ಊರ ಬಾವಿಯಲ್ಲಿ ಅವನಷ್ಟು ಈಜುವವರಿರಲಿಲ್ಲ. ಮುಳುಗಿ ಎದ್ದು, ಬಸವಯ್ಯ ಕೂತ ಕಡೆಗೇ ಕೈ ಬೀಸಿಕೊಂಡು ಬಂದ. "ಬಸವಾ, ಕೈ ಕೊಡ್ಲಾ!" ಎಂದು ಕೂಗಿದ. ಬಸವಯ್ಯ ರುಮಾಲು ಹಿಡಿದಿದ್ದ ಕೈ ಬಿಟ್ಟು ಬಗ್ಗಿ ಚಾಚಿದ. ಬೆರಳಿಗೆ ಬೆರಳು ತಾಗಿತು. ಆ ಹೊತ್ತಿಗೇ ಗಾಳಿ ರುಮಾಲಿನೊಳಗೆ ನುಗ್ಗಿತು, ಒಂದು ಸುತ್ತು ಬಿಚ್ಚಿಕೊಂಡು ಪಟಪಟ ಹೊಡೆಯಿತು. ಬಸವಯ್ಯನ ಕೈ ಅವನನ್ನು ಕೇಳಲಿಲ್ಲ. ಹಿಂದಕ್ಕೆ ಬಂದು ತಲೆಯನ್ನು ಹಿಡಿಯಿತು.

ಒಂದು ಗಳಿಗೆಯೂ ಅಲ್ಲ. ಮತ್ತೆ ಕೈ ಚಾಚಿದಾಗ ನಡುವೆ ಒಂದು ಅಲೆ ಎದ್ದಿತ್ತು. ಅದು ಇಳಿದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಮುದುಕ ದೋಣಿಯನ್ನು ಅಲ್ಲೇ ಸುತ್ತಿಸಿದ, ಮಗನ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿದ. ಮರುದಿನ ಆ ದಂಡೆಯ ಬೆಸ್ತರೆಲ್ಲ ಹುಡುಕಿದರು, ಅದರ ಮರುದಿನವೂ ಹುಡುಕಿದರು. ಸಮುದ್ರ ಮರಿಮಲ್ಲಪ್ಪನನ್ನು ಕೊಡಲಿಲ್ಲ. ಬಸವಯ್ಯ ಮಂಡಿಯ ಮೂಲೆಯಲ್ಲಿ ಕೂತು ರುಮಾಲು ಬಿಚ್ಚಿದ. ಎರಡು ಕರಡಿಗೆಗಳೂ ಇದ್ದವು. ಒಂದು ಹನಿ ಮೀನಿನ ನೀರು ತಾಗಿರಲಿಲ್ಲ. ತನ್ನದನ್ನು ಕೊರಳಿಗೆ ಕಟ್ಟಿಕೊಂಡನೇ ಹೊರತು ಅದನ್ನು ಅಂಗೈಗೆ ಇಳಿಸಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ಪೂಜೆಯಿಲ್ಲ, ಆದ್ದರಿಂದ ಊಟವೂ ಇಲ್ಲ.

ಲಾರಿ ಘಾಟಿ ಹತ್ತುವಾಗ ಅವನು ಮಾದೇವನಿಗೆ ಕೈಯ ವಿಷಯ ಹೇಳಿದ. ನೀರು ಮೊಗೆಯುತ್ತಿದ್ದ ಮಾದೇವ ಅದನ್ನು ಕಂಡಿರಲಿಲ್ಲ. ಅವನು ಗೇರು ಬದಲಾಯಿಸಿ, ದಾರಿಯಿಂದ ಕಣ್ಣು ತೆಗೆಯದೆ ಹೇಳಿದ.

"ಅವ್ವಾರ್ಗೆ ಅದೊಂದು ಹೇಳ್ಬ್ಯಾಡಿ ಕಣಣ್ಣ. ಅಲೆ ಎಳ್ಕಂಡೋಯ್ತು ಅನ್ನನ. ಅದೇನು ಸುಳ್ಳಲ್ಲ."

"ನಂಬಿ ಕಳ್ಸಿದ್ಲು ಕಣ್ಲಾ. ಹೇಳ್ದೆ ಹೆಂಗಿರ್ಲಿ?" ಎಂದ ಬಸವಯ್ಯ. ಹೇಳಿಯೇ ತೀರಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡ.

ಶಿವರುದ್ರಮ್ಮನ ಮುಂದೆ ನಿಂತು ಮೀನಿನ ನೀರು, ರುಮಾಲು, ಗಾಳಿ, ಅಡ್ಡಮರ ಎಲ್ಲ ಹೇಳಿದ. ಬೆರಳು ತಾಗಿದ್ದು ಮಾತ್ರ ನಾಲಗೆಗೆ ಬರಲಿಲ್ಲ. ಅವಳು ಎರಡೂ ಕೈಯೊಡ್ಡಿ ಮಗನ ಕರಡಿಗೆ ಇಸಿದುಕೊಂಡಳು. ಅಳಲಿಲ್ಲ, ಬೈಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೀದಿಯವರು ಮಾತ್ರ ಸುಮ್ಮನಿರಲಿಲ್ಲ. "ಒಬ್ರ ಲಿಂಗ ಇನ್ನೊಬ್ರ ತಲೆ ಮ್ಯಾಲಾ? ಪಟ್ಟ ಕಟ್ಟದ ಸ್ವಾಮಿ ಮಾಡೋ ಕೆಲ್ಸವಾ ಇದು?" ಎಂದು ಅವನ ಕಿವಿಗೆ ಬೀಳುವಂತೆಯೇ ಆಡಿಕೊಂಡರು.

ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ಇಲ್ಲಿ ಲಿಂಗವಿತ್ತು, ಕೈಯಿರಲಿಲ್ಲ. ಮಠದ ಅಯ್ಯನವರು ಬಂದು ಯೋಚಿಸಿ, ಲಿಂಗಕ್ಕೇ ಕ್ರಿಯೆ ನಡೆಯಲಿ ಎಂದರು. ಹೊಲದ ಮೂಲೆಯಲ್ಲಿ, ಅವನ ತಂದೆಯ ಪಕ್ಕದಲ್ಲಿ ಜಾಗ ನೋಡಿದರು. ಗುಂಡಿಯನ್ನು ಸತ್ತವನ ಪಾದದಲ್ಲೇ ಒಂಬತ್ತು ಪಾದ ಅಳೆಯಬೇಕು. ಪಾದವನ್ನು ಎಲ್ಲಿಂದ ತರುವುದು? ಅಯ್ಯನವರ ಪಾದದಲ್ಲಿ ಅಳೆಯೋಣವೆಂದು ಹಿರಿಯರು ಹೇಳುತ್ತಿದ್ದಾಗ ಶಿವರುದ್ರಮ್ಮ ಬಾಯಿ ಬಿಟ್ಟಳು.

"ಬಸವನ ಪಾದದಲ್ಲಿ ಅಳೀರಿ. ಅವನ ಜೋಡು ಇವ ಮೆಟ್ಟೋನು, ಇವನ ಜೋಡು ಅವ ಮೆಟ್ಟೋನು. ಇಬ್ಬರದ್ದೂ ಒಂದೇಯ."

ಜನ ಹಿಂದೆ ಸರಿದು ದಾರಿ ಬಿಟ್ಟರು. ಬಸವಯ್ಯ ಬರಿಗಾಲಿನಲ್ಲಿ ಬಂದು ಮಣ್ಣಿನ ಮೇಲೆ ನಿಂತ. ಬಲಗಾಲು ಇಟ್ಟ, ಅದರ ಬೆರಳಿಗೆ ತಾಗಿಸಿ ಎಡಗಾಲಿನ ಹಿಮ್ಮಡಿ ಇಟ್ಟ. ಪಕ್ಕದಲ್ಲಿ ಒಬ್ಬ ಕೋಲಿನಿಂದ ಗೀಟು ಎಳೆಯುತ್ತಾ ಬಂದ. ಅರ್ಧ ದಾಟಿದ ಮೇಲೆ ಬಸವಯ್ಯನ ಕಾಲು ಮೇಲೇಳಲಿಲ್ಲ. ತಾನು ಜೀವಂತ ನಿಂತಿರುವ ಪಾದದಲ್ಲಿ ಅವನನ್ನು ಅಳೆಯುವುದು ಅವನಿಂದ ಆಗಲಿಲ್ಲ.

"ಅವ್ವಾ, ಅವನ ಕೈ ಸಿಕ್ಕಿತ್ತು" ಎಂದ. "ಬೆರಳಿಗೆ ಬೆರಳು ತಾಗಿತ್ತು ಕಣವ್ವಾ. ರುಮಾಲು ಹಾರೋಯ್ತದೆ ಅಂತ ನಾನೇ ಬುಟ್ಬುಟ್ಟೆ."

ಗುದ್ದಲಿ ಹಿಡಿದವರು ಮುಖ ಮುಖ ನೋಡಿಕೊಂಡರು. ಶಿವರುದ್ರಮ್ಮ ಮಗನ ಕರಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮಣ್ಣಿನ ಮೇಲೆ ಕೂತಿದ್ದಳು. ಕೂತಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡಿದಳು.

"ಗೊತ್ತು ಕಣ ಬಸವ. ಎರಡು ಲಿಂಗಾನೂ ಉಳಿಸ್ಕಂಡು ತಂದ್ಯಲ್ಲ, ಆಗ್ಲೇ ಗೊತ್ತಾಯ್ತು. ಅವನ ಕೈ ಹಿಡ್ದಿದ್ರೆ ಆ ಗಾಳೀಲಿ ರುಮಾಲು ಉಳೀತಿರ್ಲಿಲ್ಲ, ನೀ ಇವೆರಡ್ನೂ ತರಕಾಯ್ತಿರ್ಲಿಲ್ಲ" ಎಂದಳು. ಮಡಿಲಿನ ಕರಡಿಗೆಗೆ ಸೆರಗು ಮುಚ್ಚಿ ಮತ್ತೆ ಹೇಳಿದಳು, "ಕಾಲೆತ್ತು. ಇನ್ನೂ ನಾಕು ಪಾದ ಅದೆ."