ಮೂವತ್ತಾರು ಚೌಕಗಳು

ಆ ದಿನ ಬೆಳಗ್ಗೆ ನನ್ನ ಗಂಡ ನೀರಿನ ಚೌಕವನ್ನು ಒತ್ತಿದರು, ಸದ್ದು ಬರಲಿಲ್ಲ. ಮತ್ತೊಮ್ಮೆ ಒತ್ತಿ ನನ್ನತ್ತ ನೋಡಿದರು. ಮೆಣಸಿನಕಾಯಿ ಹೆಚ್ಚುತ್ತಿದ್ದವಳು ಎದ್ದು ಹೋದೆ. ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಲ್ಲಿ ಚಿತ್ರಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು. ಮೇಲೆ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ: ನಿಮ್ಮ ಕ್ರಿಯೇಟರ್ ಲೈಸೆನ್ಸಿನ ಅವಧಿ ಮುಗಿದಿದೆ, ಮೂವತ್ತು ದಿನಗಳೊಳಗೆ ಮರಳಿ ಪಡೆಯದಿದ್ದರೆ ನೀವು ಮಾಡಿದ ಚೌಕಗಳೂ ಧ್ವನಿಗಳೂ ಅಳಿಸಿಹೋಗುತ್ತವೆ. ಓದಿದೆ. ನೀರು ತಂದುಕೊಟ್ಟೆ. ಅವರು ಲೋಟವನ್ನು ಕುಡಿಯದೆ ಹಾಗೇ ಪಕ್ಕಕ್ಕಿಟ್ಟರು. ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ, ಹೋಗಿ ಅವಲಕ್ಕಿಗೆ ಒಗ್ಗರಣೆ ಕೊಟ್ಟೆ.

ಇವರ ಮಾತು ಹೋಗಿ ಆಗ ಎರಡು ವರ್ಷವಾಗಿತ್ತು. ರಾಂಜಣಗಾಂವದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಬಾಯಿ, ಮೂರೂ ಒಂದೇ ಪೆಟ್ಟಿಗೆ ಹೋದವು. ತಿಳಿಯುವುದೆಲ್ಲ ತಿಳಿಯುತ್ತಿತ್ತು, ಪೇಪರು ಓದುತ್ತಿದ್ದರು. ಎಡಗೈಯಲ್ಲಿ ಬರೆಯಲು ಹೋದರೆ ಮಾತ್ರ ಅಕ್ಷರ ಕೂಡುತ್ತಿರಲಿಲ್ಲ. ಮಾತಿನ ತರಬೇತಿ ಕೊಡುತ್ತಿದ್ದ ಮರಾಠಿ ಹುಡುಗಿ ಈ ಆ್ಯಪ್ ತೋರಿಸಿದಳು. ಚಿತ್ರ ಒತ್ತಿದರೆ ಅದು ಮಾತಾಡುತ್ತದೆ. ಇಂಗ್ಲಿಷು, ಹಿಂದಿ ಸಿದ್ಧವಾಗಿದ್ದವು, ಕನ್ನಡ ಇರಲಿಲ್ಲ. ಬೇಕಾದರೆ ನಿಮ್ಮ ಭಾಷೆಯ ಚೌಕಗಳನ್ನು ನೀವೇ ಮಾಡಿಕೊಳ್ಳಬಹುದು, ಅದಕ್ಕೆ ಕ್ರಿಯೇಟರ್ ಲೈಸೆನ್ಸ್ ಬೇಕು ಅಂದಳು. ವಿಮಾನ ನಗರದ ಆಫೀಸೊಂದರಲ್ಲಿ ಕೆಲಸ ಮಾಡುವ ನಮ್ಮ ಮಗಳು ಆ ವಾರವೇ ಅದನ್ನು ನನ್ನ ಹೆಸರಿಗೆ ತರಿಸಿದಳು.

ಒಂದು ಮಧ್ಯಾಹ್ನ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು, ಬೆವರುತ್ತ ಕೂತು ಮೂವತ್ತಾರು ಚೌಕ ಮಾಡಿದೆ. ನಮ್ಮ ಮನೆಯ ಲೋಟ, ನಮ್ಮ ಮನೆಯ ಬಚ್ಚಲು, ಇವರ ಕನ್ನಡಕ ಎಲ್ಲದರ ಫೋಟೋ ತೆಗೆದು ಒಂದೊಂದಕ್ಕೂ ನನ್ನ ಧ್ವನಿ ಕೊಟ್ಟೆ. ನೀರ್ ಕೊಡ್ರಿ. ಚಾ ಬೇಕ್ರಿ. ಬರ್ರಿ ಇಲ್ಲಿ. ಬ್ಯಾನಿ ಆಗೇದ್ರಿ. ಹೌದ್ರಿ. ಬ್ಯಾಡ್ರಿ. ಊಟದ ಚೌಕ ಮಾಡುವಾಗ ಪಕ್ಕದ ಮನೆಯ ಕುಕ್ಕರ್ ಕೂಗಿತು. ಅಳಿಸಿ ಮತ್ತೆ ಮಾಡುವ ವ್ಯವಧಾನ ನನಗಿರಲಿಲ್ಲ. ಇಂದಿಗೂ ನಮ್ಮ ಮನೆಯಲ್ಲಿ ಊಟ ಕೇಳುವುದು ಸೀಟಿಯ ಜೊತೆಗೇ.

ಬಂದವರ ಹತ್ತಿರವೂ ಒತ್ತಬೇಕಾಗುತ್ತದಲ್ಲ ಅಂತ ಎಲ್ಲವನ್ನೂ ಮರ್ಯಾದೆಯಿಂದಲೇ ಹೇಳಿದ್ದೆ. ಹಾಗಾಗಿ ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ, ಅಲ್ಲಿಯವರೆಗೆ ಬಾ, ತಾ, ಹೋಗು ಅಂತಷ್ಟೇ ಗೊತ್ತಿದ್ದ ಮನುಷ್ಯ ನನ್ನನ್ನು ರೀ ಹಚ್ಚಿ ಮಾತಾಡಿಸತೊಡಗಿದರು, ಅದೂ ನನ್ನದೇ ಧ್ವನಿಯಲ್ಲಿ. ಮೊದಲ ವಾರ ನಕ್ಕೆವು. ಇವರ ಬಾಯಿಯ ಎಡ ಮೂಲೆ ಮಾತ್ರ ನಗುತ್ತಿತ್ತು. ಬೆಳಗ್ಗೆ ಬಂದು ಸ್ನಾನ ಮಾಡಿಸುವ ಮರಾಠಿ ಮಾವಶಿ ನೀರು, ಸಾಕು, ನೋವಿಗೆ ಬ್ಯಾನಿ ಎಲ್ಲ ಕಲಿತುಬಿಟ್ಟಳು.

ನಗು ಎಷ್ಟು ದಿನ ಬಂದೀತು. ಅಡುಗೆ ಮನೆಯಲ್ಲಿದ್ದರೆ ನನ್ನ ಧ್ವನಿ ನನ್ನನ್ನು ಹೊರಗೆ ಕರೆಯುತ್ತಿತ್ತು, ಸ್ನಾನಕ್ಕೆ ಹೋದರೆ ಬಾಗಿಲ ಆಚೆ ನಿಂತು ಬರ್ರಿ ಇಲ್ಲಿ, ಬರ್ರಿ ಇಲ್ಲಿ ಅನ್ನುತ್ತಿತ್ತು. ಪರರು ಕೆಲಸ ಹೇಳಿದರೆ ಗೊಣಗಬಹುದು. ನನಗೆ ನಾನೇ ದಿನವಿಡೀ ಅಪ್ಪಣೆ ಕೊಡುತ್ತಿದ್ದರೆ ಯಾರ ಮೇಲೆ ರೇಗಲಿ? ಎರಡನೆಯ ವರ್ಷದ ಹೊತ್ತಿಗೆ ರೇಗುವುದೂ ನಿಂತಿತು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಇರುತ್ತಿದ್ದೆ. ಕರೆದಾಗ ಹೋಗುತ್ತಿದ್ದೆ, ಕೊಡುತ್ತಿದ್ದೆ, ಬರುತ್ತಿದ್ದೆ. ಧ್ವನಿ ಕೇಳಿದ ಕೂಡಲೇ ಹೆಗಲು ಮಾತ್ರ ತಾನಾಗಿ ಬಿಗಿಯುತ್ತಿತ್ತು. ಅದು ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಲೈಸೆನ್ಸ್ ಮುಗಿಯುತ್ತದೆ ಅಂತ ನನ್ನ ಇಮೇಲಿಗೆ ಮೊದಲೇ ಸೂಚನೆ ಬಂದಿತ್ತು, ಒಂದಲ್ಲ ಮೂರು. ತೆರೆಯಲಿಲ್ಲ. ಹಿಂದಿ ಟೀಚರಾಗಿ ಇಪ್ಪತ್ತು ವರ್ಷ ಮಕ್ಕಳಿಗೆ, ನಾಳೆ ಅನ್ನಬೇಡಿ ಅಂತ ಪಾಠ ಹೇಳಿದವಳು ನಾಳೆ ನೋಡೋಣ ಅಂದೆ. ಮುಗಿದ ಮೇಲೂ ನಾಳೆ ಅಂದೆ.

ಮನೆ ಶಾಂತವಾಯಿತು. ಬೇಕಾದದ್ದನ್ನು ಹೊತ್ತು ಹೊತ್ತಿಗೆ ನಾನೇ ಕೊಡುತ್ತಿದ್ದೆ. ಇವರು ಗಲಾಟೆ ಮಾಡಲಿಲ್ಲ, ಲೋಟ ಕುಟ್ಟಲಿಲ್ಲ, ಸುಮ್ಮನೆ ಬಾಲ್ಕನಿಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅದು ನನಗೆ ಅನುಕೂಲವಾಗಿಯೇ ಇತ್ತು. ಸುಖವಾಗಿತ್ತು ಅನ್ನಲಾರೆ, ದುಃಖವೂ ಇರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿದ್ದೆ. ಪ್ರತಿ ಬೆಳಗ್ಗೆ ಟ್ಯಾಬ್ಲೆಟ್ ತೆರೆದು ಎಷ್ಟು ದಿನ ಉಳಿದಿದೆ ಅಂತ ಮಾತ್ರ ನೋಡುತ್ತಿದ್ದೆ. ಇಪ್ಪತ್ತೈದು. ಇಪ್ಪತ್ತೊಂದು. ಹದಿನೆಂಟು. ಸೊನ್ನೆಗೆ ಬಂದರೆ ಇವರ ಮೂವತ್ತಾರು ಮಾತೂ ಹೋಗುತ್ತವೆ ಅಂತ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿ ಕಪಾಟಿನ ಮೇಲಿಡುತ್ತಿದ್ದೆ.

ರವಿವಾರ ಬಂದ ಮಗಳು ಬೂದು ಚೌಕಗಳನ್ನು ನೋಡಿ ಏನಾಯಿತೆಂದು ಕೇಳಿದಳು. ಕಂಪನಿಯವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ ಅಂದೆ. ಅಷ್ಟಕ್ಕೆ ಬಿಡದೆ, ಎರಡು ಸಲ ಬರೆದೆ, ಅವರ ವೆಬ್‌ಸೈಟೇ ಸರಿಯಿಲ್ಲ ಅಂತೆಲ್ಲ ಸೇರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಕುರ್ಚಿಯಿಂದ ಎಲ್ಲ ಕೇಳುತ್ತಿದ್ದರು. ನಾನು ಸುಳ್ಳು ಹೇಳುತ್ತಿರುವುದು ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತೆಂದು ನನಗೂ ಗೊತ್ತಿತ್ತು.

ಇನ್ನು ಹನ್ನೊಂದು ದಿನ ಉಳಿದಿದ್ದಾಗ ನಾನು ತರಕಾರಿ ಮಂಡಿಗೆ ಹೋಗಿ ಬಂದೆ. ಹೋಗುವಾಗ ಬಾಲ್ಕನಿಯಲ್ಲಿ ನೆರಳಿತ್ತು. ಬರುವಷ್ಟರಲ್ಲಿ ಬಿಸಿಲು ಒಳಗೆ ಬಂದು ಇವರ ಮುಖದ ಮೇಲೆ ಬಿದ್ದಿತ್ತು, ಎಷ್ಟು ಹೊತ್ತಿನಿಂದಲೋ. ಹಣೆ, ಮೂಗು ಕೆಂಪಾಗಿ, ತುಟಿ ಒಣಗಿ, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮಾವಶಿ ಒಳಗೆ ಬಟ್ಟೆ ಒಗೆಯುತ್ತಿದ್ದಳು. ಕಾಕಾ ಕರೆಯಲೇ ಇಲ್ಲವಲ್ಲ ಕಾಕು ಅಂತ ಮರಾಠಿಯಲ್ಲಿ ಹೇಳಿದಳು. ಅವಳ ತಪ್ಪೇನೂ ಇರಲಿಲ್ಲ. ಕರೆಯುವ ಚೌಕವನ್ನು ಕಪಾಟಿನ ಮೇಲಿಟ್ಟವಳು ನಾನು.

ಒದ್ದೆ ಟವೆಲ್ಲಿನಿಂದ ಮುಖ ಒರೆಸಿದೆ. ಬಹಳ ದಿನಗಳ ಮೇಲೆ ನನಗೆ ಏನೋ ಅನಿಸಿತು, ಅದು ನಾಚಿಕೆ.

ಅಂದು ಮಧ್ಯಾಹ್ನವೇ ಟ್ಯಾಬ್ಲೆಟ್ ಹಿಡಿದು ಇವರ ಪಕ್ಕ ಕೂತೆ. ಮರಳಿ ಪಡೆಯಿರಿ ಅನ್ನುವ ಕಡೆ ಒತ್ತಿದರೆ ಹಳೆಯ ಕೋಡ್ ಕೇಳಿತು. ಮೊದಲ ಸಲ ತರಿಸಿದಾಗ ಅದನ್ನು ಟ್ಯಾಬ್ಲೆಟ್ಟಿನ ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟಿದ್ದೆ. ಆ ಡಬ್ಬಿ ಈಗ ಸೂಜಿ ದಾರದ್ದು. ಹುಡುಕಿ ತಂದು ಹಾಕಿದೆ. ಇಮೇಲಿಗೆ ಇನ್ನೊಂದು ಕೋಡ್ ಬಂತು, ಅದನ್ನೂ ಹಾಕಿದೆ. ಆಗ ಒಂದು ಪುಟ ತೆರೆದುಕೊಂಡಿತು. ಲೈಸೆನ್ಸ್ ಮುಂದುವರಿಸುವುದು ಬೇಡ ಎಂದು ಇದೇ ಟ್ಯಾಬ್ಲೆಟ್ಟಿನಿಂದ ತಿಳಿಸಲಾಗಿದೆ, ಆ ನಿರ್ಧಾರವನ್ನು ಹಿಂದಕ್ಕೆ ಪಡೆಯುವಿರಾ ಅಂತ ಅದರಲ್ಲಿತ್ತು. ಕೆಳಗೆ ಕಂಪನಿಯವರು ಕೊಟ್ಟಿದ್ದ ಕಾರಣಗಳ ಪಟ್ಟಿ: ಆ್ಯಪ್ ಕಷ್ಟವಾಗಿದೆ, ಬೇರೆ ಆ್ಯಪ್ ಸಿಕ್ಕಿದೆ, ಬಳಸುವವರಿಗೆ ಮಾತು ಮರಳಿದೆ. ಅವು ಯಾವುದಕ್ಕೂ ಗುರುತು ಬಿದ್ದಿರಲಿಲ್ಲ. ಗುರುತು ಬಿದ್ದಿದ್ದದ್ದು ಕಡೆಯದಕ್ಕೆ: ನೋಡಿಕೊಳ್ಳುವವರಿಗೆ ಇದು ಹೊರೆಯಾಗಿದೆ.

ನಾನು ಆ ಪುಟವನ್ನು ಹಿಂದೆಂದೂ ಕಂಡಿರಲಿಲ್ಲ. ಟ್ಯಾಬ್ಲೆಟ್ ಎರಡು ವರ್ಷ ಇದ್ದದ್ದು ಇವರ ತೊಡೆಯ ಮೇಲೆ. ಆ ಬೆಳಗ್ಗೆ ಲೋಟದ ನೀರನ್ನು ಯಾಕೆ ಕುಡಿಯಲಿಲ್ಲ ಅಂತ ಆಗ ತಿಳಿಯಿತು. ಬಾಯಾರಿ ಒತ್ತಿರಲಿಲ್ಲ, ತಮ್ಮ ಮಾತು ನಿಜಕ್ಕೂ ನಿಂತಿತೇ ಅಂತ ನೋಡಿದ್ದರು.

ನಾನು ಇವರತ್ತ ತಿರುಗಲಿಲ್ಲ. ನಿರ್ಧಾರ ಹಿಂದಕ್ಕೆ ಪಡೆಯುತ್ತೇನೆ ಅಂತ ಒತ್ತಿದೆ. ಸ್ವಲ್ಪ ಹೊತ್ತು ಚಕ್ರ ತಿರುಗಿ, ಮೂವತ್ತಾರಕ್ಕೂ ಬಣ್ಣ ಬಂತು. ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟು ಕೇಳಿದೆ:

"ಬ್ಯಾಡ ಅಂತ ನೀವ ಒತ್ತಿದ್ರೇನ್ರಿ?"

ಎಡಗೈ ಬೆರಳು ನಿಧಾನವಾಗಿ ಮೇಲಿನ ಸಾಲಿಗೆ ಹೋಯಿತು.

"ಹೌದ್ರಿ," ಅಂದಿತು ನನ್ನ ಧ್ವನಿ.

ನನಗೆ ಸಿಟ್ಟು ಬಂತು. ಸುಳ್ಳಲ್ಲ, ಅಳುವಿಗಿಂತ ಮೊದಲು ಸಿಟ್ಟೇ ಬಂತು. ಯಾರು ಕೇಳಿದ್ದರು ಇವರ ತ್ಯಾಗವನ್ನು? ಬಿಸಿಲಿನಲ್ಲಿ ಬೇಯುತ್ತ ಕೂರುವುದು ಯಾರಿಗೆ ಉಪಕಾರ? ಬೈಯಲೆಂದೇ ತಿರುಗಿದೆ. ಇವರು ನನ್ನ ಹೆಗಲು ನೋಡುತ್ತಿದ್ದರು.

ಮುಂಚೆ ಊಟವಾದ ಮೇಲೆ ನಾನು ಅಡುಗೆ ಕಟ್ಟೆ ತಿಕ್ಕುತ್ತ ನಿಂತರೆ ಇವರು ಹೊರಗಿನಿಂದ ದಿನವೂ ಒಂದೇ ಮಾತು ಹೇಳುತ್ತಿದ್ದರು. ಅದರಲ್ಲಿ ಪ್ರೀತಿಯಿತ್ತೋ ಟಿವಿ ನೋಡಲು ಜೊತೆ ಬೇಕಿತ್ತೋ, ನಾನು ವಿಚಾರಿಸಿರಲಿಲ್ಲ. ಚೌಕ ಮಾಡಿದ ದಿನ ಅದು ನೆನಪಿಗೂ ಬರಲಿಲ್ಲ. ಬೇಕಾದ್ದನ್ನು ಕೇಳಲಷ್ಟೇ ಇವರಿಗೆ ಮಾತು ಮಾಡಿಕೊಟ್ಟಿದ್ದೆ. ನನಗೇನಾದರೂ ಕೊಡಲು ಒಂದು ಮಾತೂ ಇರಲಿಲ್ಲ, ಅಂಥ ಒಂದೇ ಒಂದನ್ನು ಇವರು ಆ ಕಾರಣಗಳ ಪಟ್ಟಿಯಲ್ಲಿ ಹುಡುಕಿಕೊಂಡಿದ್ದರು.

ಪಕ್ಕದ ಖಾಲಿ ಕುರ್ಚಿಯ ಫೋಟೋ ತೆಗೆದೆ. ಫ್ಯಾನ್ ಆರಿಸಿದೆ. ರೀ ಹಚ್ಚದೆ, ಇವರು ಹೇಳುತ್ತಿದ್ದ ಹಾಗೆಯೇ ಹೇಳಿ ಮೂವತ್ತೇಳನೆಯ ಚೌಕ ಮಾಡಿದೆ. ಇವರ ಮುಂದಿಟ್ಟು ಒಳಗೆ ಹೋಗಿ ಚಹಾಕ್ಕೆ ಹಾಲಿಟ್ಟೆ.

ಹಾಲು ಅಂಚಿಗೆ ಬರುವಾಗ ಬಾಲ್ಕನಿಯಿಂದ ಕರೆ ಬಂತು.

"ಸಾಕ ಬಿಡ ಇನ್ನ. ಬಾ, ಕೂಡ ಇಲ್ಲೆ."

ಗ್ಯಾಸ್ ಆರಿಸಿ ಹೋಗಿ ಕೂತೆ.