ಗೆರೆ ದಾಟಿದ ಗುಲಾಬಿ

ಹೊಸಪೇಟೆಯ ಫ್ರೇಮ್ ಅಂಗಡಿಯ ಸಿದ್ದಲಿಂಗೇಶ್ ಕಡಲು ಕಂಡವರಲ್ಲ. ಆದರೆ ಅವರ ಬಳಿಯಿರುವ, ಇನ್ನೂರು ವರ್ಷದ ಹಿಂದೆ ಅಚ್ಚಾಗಿ ಕೈಯಿಂದ ಬಣ್ಣ ತುಂಬಿಸಿಕೊಂಡ ಹನ್ನೆರಡು ಶಂಖದ ಚಿತ್ರಗಳನ್ನು ನೋಡಬೇಕೆಂದರೆ ಚಪ್ಪಲಿ ಬಿಡಬೇಕು, ಕೈ ತೊಳೆಯಬೇಕು, "ಉಸುರು ಆ ಕಡೆ ಬಿಡ್ರಿ" ಎಂದರೆ ಮುಖವನ್ನೂ ತಿರುಗಿಸಬೇಕು. ಅಲ್ಲಿ ದೇವರ ಫೋಟೊಗಳಿಗೂ ಇಷ್ಟು ಮಡಿಯಿಲ್ಲ. ಒಳ್ಳೆಯ ಗಿರಾಕಿ ಬಂದರೆ ಹನ್ನೊಂದನ್ನು ಮಾರುತ್ತಾರಂತೆ. ಹನ್ನೆರಡನೆಯದನ್ನು ಮಾತ್ರ ಯಾರಿಗೂ ಕೊಡರು. ಕಲಾರಸಿಕನೆಂಬ ಭ್ರಮೆಯಲ್ಲಿ ನಾನು, "ಇದರಲ್ಲೇ ಗುಲಾಬಿ ಬಣ್ಣ ಗೆರೆ ದಾಟಿದೆಯಲ್ಲ?" ಎಂದೆ. "ಹೌದ್ರಿ, ಬಣ್ಣ ಹಚ್ಚಿದೋರ ಕೈ ನಡುಗೈತಿ. ಇನ್ನೂರು ವರ್ಷ ಆತು, ಆ ನಡುಕ ಇನ್ನೂ ಒಣಗಿಲ್ಲ ನೋಡ್ರಿ," ಎಂದು ಪಿಸುಗುಟ್ಟಿದರು. ಗಾಜು ಕೊಯ್ಯುವುದನ್ನು ಅವರು ಹೋದ ವರ್ಷವೇ ಬಿಟ್ಟಿದ್ದಾರೆ. ಚಿತ್ರ ಹಿಡಿದಿದ್ದ ಅವರ ಕೈಯೂ ನಡುಗುತ್ತಿತ್ತು. ಹೇಳಿಸಿಕೊಳ್ಳದೆಯೇ ನಾನು ಉಸಿರನ್ನು ಆ ಕಡೆ ಬಿಟ್ಟೆ.