ಮಗ್ಗದ ಕಾಲಡಿಯ ಒಂಬತ್ತು ವಾರ

ತಮಿಳು ಸೀಮೆಯ ಸೋಮನೂರಿನಲ್ಲಿ, ಲಿಂಗಸಾಮಿಯ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಎಲ್ಲಕ್ಕಿಂತ ಹಳೆಯದು ವಿಪರೀತ ಅದುರುತ್ತಿತ್ತು. ೧೯೮೫ರ ಒಂದು ಸೋಮವಾರ ನಾಲ್ಕನ್ನೂ ನಿಲ್ಲಿಸಿ ಮೆಕ್ಯಾನಿಕ್ ದಂಡಪಾಣಿಯನ್ನು ಕರೆಸಿದ. ದಂಡಪಾಣಿ ಹಾರೆ ಕೊಟ್ಟು ಮಗ್ಗದ ಹಿಂಗಾಲನ್ನೆತ್ತಿ, ಇಟ್ಟಿಗೆಯ ಆಸರೆ ಕೊಟ್ಟು, ಅಡಿಯಿಂದ ಒಂದು ಕಾಗದದ ಕಟ್ಟನ್ನು ಹೊರಗೆಳೆದ. ಅದು ಎಣ್ಣೆ ಕುಡಿದು ಹಲಗೆಯಂತಾಗಿತ್ತು.

"ಯಾರಣ್ಣಾ ಇದನ್ನ ಇಟ್ಟದ್ದು? ಊರಲ್ಲಿ ಮರದ ತುಂಡೇ ಸಿಕ್ಲಿಲ್ವಾ?"

ಇಟ್ಟವನು ಲಿಂಗಸಾಮಿಯೇ.

ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ವಳ್ಳಿಯಮ್ಮ ರಾಟೆ ನಿಲ್ಲಿಸಿ ಎದ್ದು ಬಂದಳು. ವರಸೆಯಲ್ಲಿ ಅವನಿಗೆ ಅತ್ತೆ; ಅವನನ್ನು ಮುದ್ದಿನಿಂದ 'ಕಣ್ಣು' ಎಂದೇ ಕರೆಯುವಳು. ಎಪ್ಪತ್ತು ದಾಟಿದವಳು, ಒಂದಕ್ಷರ ಬಾರದವಳು. ಬಾಯ್ದೆರೆದು ಬಿದ್ದಿದ್ದ ಕಟ್ಟನ್ನು ಬಾಗಿಲ ಬೆಳಕಿಗೆ ಹಿಡಿದಳು. ಹಾಳೆಯಲ್ಲಿ ಒಂದು ಹೆಣ್ಣಿನ ಚಿತ್ರವಿತ್ತು. ಎಡಗೆನ್ನೆಯಲ್ಲಿ ಮಚ್ಚೆ, ಕೈಯಲ್ಲಿ ತಗಡಿನ ಪೆಟ್ಟಿಗೆ.

"ಕಣ್ಣು, ಇವಳು ನಮ್ಮ ವಡಿವು ಅಲ್ವಾ?"

ಲಿಂಗಸಾಮಿ ಇಟ್ಟಿಗೆಯತ್ತ ತಿರುಗಿಕೊಂಡ.

ಹನ್ನೆರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೈಯಿಂದ ನೇಯುವ ಮೂರು ಗುಂಡಿಮಗ್ಗಗಳಿದ್ದವು. ಮನೆಮಾತು ಕನ್ನಡವಾದರೂ ಅಲ್ಲಿ ಯಾರಿಗೂ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಓದು ಎಂದರೆ ತಮಿಳೇ. ಪ್ರತಿ ಗುರುವಾರ ವಾರಪತ್ರಿಕೆ ಬಂದ ಕೂಡಲೇ ಲಿಂಗಸಾಮಿ ಲಾಳಿ ಬದಿಗಿಟ್ಟು ವಡಿವು ಎಂಬ ಹೆಣ್ಣಿನ ಧಾರಾವಾಹಿ ಕಥೆಯನ್ನು ಗಟ್ಟಿಯಾಗಿ ಓದುವನು. ಉಳಿದವರು ನೇಯುತ್ತಲೇ ಕೇಳುವರು. ಜಗಳದ ಭಾಗ ಬಂದರೆ ವಡಿವುವಿನ ಅತ್ತೆಯ ಮಾತನ್ನು ಮೂಗಿನ ದನಿಯಲ್ಲಿ ಓದುವನು; ಆಗ ಮಗ್ಗಗಳು ತಾವಾಗಿ ನಿಲ್ಲುತ್ತಿದ್ದವು. ಓದಿದ ಪುಟಗಳನ್ನು ಕತ್ತರಿಸಿ, ಹಾಸಿನ ನೂಲಿನಲ್ಲಿ ಹೊಲಿದಿಡುವುದು ಅವನ ಪದ್ಧತಿ. ನಲವತ್ತೊಂದನೆಯ ವಾರ ವಡಿವು ಗಂಡನ ಮನೆ ಬಿಟ್ಟು, ಪೆಟ್ಟಿಗೆ ಹಿಡಿದು, ರೈಲು ನಿಲ್ದಾಣದಲ್ಲಿ ನಿಂತಳು.

ಮರುವಾರ ಪವರ್‌ಲೂಮ್ ಬಂತು. ಆ ಸದ್ದಿನಲ್ಲಿ ಪಕ್ಕದವನ ಕೂಗೇ ಕೇಳಿಸದು, ಇನ್ನು ಕಥೆ ಎಲ್ಲಿ ಕೇಳೀತು? ಒಬ್ಬನೇ ಓದಲು ಬಿಡುವಿಲ್ಲ ಎಂದುಕೊಂಡ. ಬಿಡುವು ಸಿಕ್ಕಾಗ ಆಸೆ ಉಳಿದಿರಲಿಲ್ಲ. ಪತ್ರಿಕೆ ಇನ್ನೂ ಒಂಬತ್ತು ವಾರ ಬಂದು, ಬಿಚ್ಚದೆ ಬಿದ್ದಿತ್ತು. ಮಗ್ಗದ ಕಾಲು ತಗ್ಗಾದಾಗ ಕೈಗೆ ಸಿಕ್ಕಿದ್ದು ಆ ಕಟ್ಟು. ವಳ್ಳಿಯಮ್ಮ ಕೇಳಿದಾಗ, "ಕಥೇನ ಅರ್ಧಕ್ಕೇ ನಿಲ್ಲಿಸ್ಬಿಟ್ರು ಅತ್ತೆ" ಎಂದ. ವರ್ಷಕ್ಕೆರಡು ಸಲವಾದರೂ ಅವಳು, "ಆ ಹೆಣ್ಣು ಇನ್ನೂ ನಿಂತೇ ಇದ್ದಾಳಲ್ಲ ಕಣ್ಣು" ಎಂದು ಮರುಗುವಳು; ಇವನು ಅದೇ ಸುಳ್ಳನ್ನು ಮತ್ತೆ ಹೇಳುವನು. ಈಗ ಅವನು ಓದುತ್ತಿದ್ದುದು ನೂಲಿನ ಕಟ್ಟಿನ ಚೀಟಿ, ಕರೆಂಟಿನ ಬಿಲ್ಲು, ಇಷ್ಟೇ.

"ಅವ್ರು ನಿಲ್ಲಿಸ್ಲಿಲ್ಲ ಅತ್ತೆ," ಎಂದ ನೆಲ ನೋಡುತ್ತ. "ನಾನೇ ಓದ್ಲಿಲ್ಲ."

"ಅದು ಕಾಣ್ತಾ ಇದೆ. ಹನ್ನೆರಡು ವರ್ಸ ಅವಳ ತಲೆ ಮೇಲೆ ಮಗ್ಗ ಓಡ್ಸಿದ್ದೀಯ. ಕೂತ್ಕೊ. ಓದು."

ಅಂಟಿದ ಹಾಳೆಗಳನ್ನು ಬಿಡಿಸಿ, ನಲವತ್ತೆರಡನೆಯ ವಾರ ಹುಡುಕಿ ಕೂತ. ಮೊದಲ ಪುಟಕ್ಕೆ ಹತ್ತು ನಿಮಿಷ ಹಿಡಿಯಿತು. ಬಿಲ್ಲು ನೋಡಿ ರೂಢಿಯಾದ ಕಣ್ಣು ಸಾಲು ಬಿಟ್ಟು ಕೊನೆಗೆ ಜಾರುತ್ತಿತ್ತು.

"ಮೆಲ್ಲಗೆ," ಎಂದಳು ವಳ್ಳಿಯಮ್ಮ. "ಇಷ್ಟು ವರ್ಸ ಕಾದವಳು ಈಗೆಲ್ಲಿ ಓಡಿಹೋಗ್ತಾಳೆ?"

ಮೂರನೆಯ ಪುಟದಲ್ಲಿ ವಡಿವುವಿನ ಅತ್ತೆ ನಿಲ್ದಾಣಕ್ಕೇ ಬಂದು ಕೂಗಾಡಿದಳು. ಲಿಂಗಸಾಮಿಗೆ ಗೊತ್ತಾಗುವ ಮೊದಲೇ ಆ ಹಳೆಯ ಮೂಗಿನ ದನಿ ಹೊರಬಂತು. ವಳ್ಳಿಯಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. ದಂಡಪಾಣಿಯ ಸ್ಪ್ಯಾನರ್ ಸದ್ದು ನಿಂತಿತು. ಮುಂದೇನು ಎಂಬ ಕುತೂಹಲ ಲಿಂಗಸಾಮಿಯನ್ನೇ ಹಿಡಿಯಿತು. ಬೆರಳು ಆಗಲೇ ಪುಟದಂಚಿನಲ್ಲಿತ್ತು. ತಿರುಗಿಸಿದ. ಓದು ನಿಂತಿತು.

"ಇಲ್ಲಿ ನಾಲ್ಕು ಸಾಲು ಕಾಣಿಸ್ತಿಲ್ಲ ಅತ್ತೆ. ಎಣ್ಣೆ ಕುಡಿದಿದೆ."

ವಳ್ಳಿಯಮ್ಮ ಅವನ ಮುಖ ನೋಡಿದಳು. "ಇದಾದ್ರೂ ನಿಜವಾ?"

ಅವಳು ಸಿಟ್ಟಿನಿಂದ ಕೇಳಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ಲಿಂಗಸಾಮಿ ಹಾಳೆಯನ್ನು ಅವಳ ಮಡಿಲಲ್ಲಿಟ್ಟು, ಅವಳ ಬೆರಳು ಹಿಡಿದು ಆ ಕಪ್ಪು ಕಲೆಯ ಮೇಲೆ ಊರಿಸಿದ. ಅವಳು ಸವರಿ ನೋಡಿ, "ಸರಿ. ಆಮೇಲೆ?" ಎಂದಳು.

"ಅಣ್ಣಾ, ಮೊದ್ಲು ಕಾಲಡಿಗೆ ಏನಾದ್ರೂ ಕೊಡಿ," ಎಂದ ದಂಡಪಾಣಿ.

ಲಿಂಗಸಾಮಿ ಪುಟದ ನಡುವೆ ಖಾಲಿ ಕಂಡಿಕೆಯೊಂದನ್ನಿಟ್ಟು ಎದ್ದ. ಸಂದನ್ನು ಅಳೆದ: ಒಂದೂವರೆ ಅಂಗುಲ. ಹಿತ್ತಲಿನ ಬೇವಿನ ತುಂಡನ್ನು ಗರಗಸದಿಂದ ಕೊಯ್ದು, ಉಜ್ಜಿ, ಕಾಲಡಿಗೆ ಸೇರಿಸಿದ. ಮಗ್ಗ ಅಲುಗಾಡದೆ ಕೂತಿತು. ಹತ್ತು ನಿಮಿಷದ ಕೆಲಸ. ಅಂದೂ ಬೇವಿನ ಮರ ಅಲ್ಲೇ ಇತ್ತು.

"ಸ್ವಿಚ್ ಹಾಕ್ಲಾ ಅಣ್ಣಾ?"

"ಇರು," ಎಂದ ಲಿಂಗಸಾಮಿ, ಮುಖಕ್ಕೆ ಹಾಳೆ ಅಡ್ಡ ಹಿಡಿದು ಕೂರುತ್ತ. "ಇನ್ನೂ ರೈಲು ಬಂದಿಲ್ಲ."